ಒಳ್ಳೆಯವನನ್ನೇ ಬರೆದೆ, ಓದಿದವರಿಗೆ ಹತ್ತಿರವಾಗಲಿಲ್ಲ

ಉದುರಡಿಕೆ, ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ಒಂದು ಕಥೆ ಬರೀತಾ ಇದ್ದೇನೆ. ನಾಯಕ ತಿಮ್ಮಣ್ಣ, ಅಡಿಕೆ ಮರ ಹತ್ತಿ ಕೊನೆ ಇಳಿಸುವ, ಔಷಧಿ ಹೊಡೆಯುವ ಕೊನೆಗಾರ, ಐವತ್ತರ ಆಸುಪಾಸು. ಚಿಕ್ಕವಳಿದ್ದಾಗ ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬರು ಮನಸ್ಸಲ್ಲಿದ್ದರು. ಕಾಲಿಗೆ ತಳೆ ಎಂಬ ಬಳೆಯಂಥ ಹಗ್ಗ ಹಾಕಿ ಹತ್ತಿದರೆಂದರೆ ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದರು. ನಾನು ಉದುರಡಿಕೆ ಹೆಕ್ಕುವುದು ಬಿಟ್ಟು ಕತ್ತು ನೋಯುವವರೆಗೆ ನೋಡುತ್ತಿದ್ದೆ. ಆ ಪ್ರೀತಿಗೆ ತಿಮ್ಮಣ್ಣನಿಗೆ ಒಳ್ಳೆಯ ಗುಣ ಎಲ್ಲವನ್ನೂ ಕೊಟ್ಟೆ. ಧೈರ್ಯ, ಪ್ರಾಮಾಣಿಕತೆ, ಮಕ್ಕಳ ಮೇಲೆ ಅಕ್ಕರೆ, ಯಾರು ಕರೆದರೂ ಇಲ್ಲ ಎನ್ನದ ಮನಸ್ಸು. ಓದಿದ ಅತ್ತಿಗೆ "ಪಾಪ, ಒಳ್ಳೇ ಮನುಷ್ಯ" ಅಂದು ಹಾಳೆ ಮಡಚಿಟ್ಟರು. ಅವನು ಮರದಿಂದ ಬಿದ್ದು ಕಾಲು ಮುರಿದುಕೊಳ್ಳುವ ಪುಟಕ್ಕೂ ಅಷ್ಟೇ. ಅವನಿಗೊಂದು ಕೆಟ್ಟ ಚಟ ಬೇಕಾ? ಕುಡಿತ ಸೇರಿಸಿ ನೋಡಿದೆ, ಅದು ಅವನದ್ದಲ್ಲ ಅನ್ನಿಸಿ ಹೊಡೆದುಹಾಕಿದೆ.

ತಾಳಮದ್ದಳೆ ಭಾವ, ಸಾಗರ:
ಹೊಡೆದುಹಾಕಿದ್ದು ಸರಿ. ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳುತ್ತ ಬೆಳೆದವ ನಾನು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು. ಹಾಗೆ ಪಾತ್ರವಾಗಿ ಮಾತಾಡುವವನೇ ಅರ್ಥಧಾರಿ. ಬಲ್ಲ ಅರ್ಥಧಾರಿ ಕೌರವನಾಗಿ ಕೂತರೆ, ಎದುರಿಗೆ ಕೃಷ್ಣನಿದ್ದರೂ ನಮ್ಮ ಮನಸ್ಸು ಕೌರವನ ಕಡೆ ವಾಲುತ್ತದೆ. ಸೂಜಿಮೊನೆಯಷ್ಟು ನೆಲ ಕೊಡೆ ಎಂಬ ಛಲವೂ ಕರ್ಣನ ಕೈಬಿಡೆ ಎಂಬ ಛಲವೂ ಒಂದೇ ಎದೆಯದ್ದು. ಹತ್ತನೇ ಶತಮಾನದ ಪಂಪ ಕೂಡ ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ ಎಂದು ಒಬ್ಬೊಬ್ಬರನ್ನು ಒಂದೊಂದು ಗುಣದಲ್ಲಿ ನೆನೆದ. ನೀವು ನಾಲ್ಕು ಕೊಟ್ಟಿದ್ದೀರಿ. ಒಂದನ್ನು ಉಳಿಸಿಕೊಂಡು ಅದು ಅವನನ್ನು ಎಲ್ಲಿಗೆ ಎಳೆದೊಯ್ಯುತ್ತದೆ ನೋಡಿ.

ಹೊಳವು, ಹೊಸನಗರ:
ತಂಗೀ, ನಾನು ಕಥೆ ಬರೆದವಳಲ್ಲ, ಒಂದೂವರೆ ಎಕರೆ ತೋಟ ಮಾಡುವವಳು. ನೀನು ಕೊನೆಯಲ್ಲಿ ಹೇಳಿದ ಗುಣ ನನಗೆ ಚೆನ್ನಾಗಿ ಗೊತ್ತು. ಆಷಾಢದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಊರಿನ ತೋಟದವರೆಲ್ಲ ಒಟ್ಟಿಗೇ ಕೊನೆಗಾರನ ಬಾಗಿಲಿಗೆ ಹೋಗುತ್ತೇವೆ, ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಸಬೇಕಲ್ಲ. ನಮ್ಮ ಕೊನೆಗಾರ ಒಂದು ವರ್ಷ ನಾಲ್ಕು ಮನೆಗೂ "ನಾಳೆ ಬತ್ತೀನಿ ಅಮ್ಮಾ" ಅಂದಿದ್ದ. ನಾನು ಬೆಳಗ್ಗೆಯೇ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಮೊದಲ ಡ್ರಮ್ ತಯಾರು ಮಾಡಿ ಕಾದೆ. ಈ ಬೋರ್ಡೋ ದ್ರಾವಣ ಕಲಸಿದ ಮೇಲೆ ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಅವನು ಬರಲಿಲ್ಲ. ಮಧ್ಯಾಹ್ನ ಮೋಡ ಇಳಿಯಿತು. ಆಮೇಲೆ ಕೊಳೆ ಬಂದು ಹಸಿ ಕಾಯಿ ಉದುರಿದ್ದನ್ನು ನೋಡಲಾಗಲಿಲ್ಲ.

ಅವತ್ತು ಸಂಜೆಯೇ ಬೈಯಲು ಹೋಗಿದ್ದೆ. ಗಂಡನಿಲ್ಲದ ಒಬ್ಬ ಅಜ್ಜಿಯ ತೋಟಕ್ಕೆ ಕೂಲಿ ಕೇಳದೆ ಕತ್ತಲಾಗುವವರೆಗೆ ಔಷಧಿ ಹೊಡೆದು ಬಂದು, ಮೈತುಂಬ ನೀಲಿ ಕಲೆ, ಒದ್ದೆ ಬಟ್ಟೆಯಲ್ಲೇ ಜಗಲಿ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಮಾತಾಡಲಿಲ್ಲ. ಬೈಗುಳ ನನ್ನ ಬಾಯಿಗೆ ಬರಲಿಲ್ಲ. ಸಿಟ್ಟು ಮಾತ್ರ ಮನೆ ಮುಟ್ಟಿದರೂ ಇಳಿದಿರಲಿಲ್ಲ. ನಿನ್ನ ಅತ್ತಿಗೆಗೆ ಆ ಎರಡೂ ಆಗಬೇಕು ತಂಗಿ.

ಕೋಟೆ ರಸ್ತೆ, ಶಿವಮೊಗ್ಗ:
ಬೀಳಿಸುವುದನ್ನು ತೆಗೆದುಬಿಡಿ, ಅದರಿಂದ ಬರುವುದು ಕನಿಕರ ಮಾತ್ರ. ತಿಮ್ಮಣ್ಣನ ಹೆಂಡತಿ ಎಲ್ಲಿ? ಕೂಲಿ ಇಲ್ಲದೆ ಬಂದ ರಾತ್ರಿ ಅವಳಿಗೆ ಅವನು ಏನು ಹೇಳಿದ?

ಉದುರಡಿಕೆ, ತೀರ್ಥಹಳ್ಳಿ:
ಹೊಸನಗರದ ಅಕ್ಕಾ, ಆ ಜಗಲಿ ರಾತ್ರಿಯಿಡೀ ಕಣ್ಣೆದುರಿಗಿತ್ತು. ಧೈರ್ಯ, ಪ್ರಾಮಾಣಿಕತೆಯ ಪುಟಗಳನ್ನೆಲ್ಲ ತೆಗೆದೆ, ಬೀಳುವುದನ್ನೂ. ಈಗ ತಿಮ್ಮಣ್ಣ ನಾಲ್ಕನೇ ಮನೆಯ ಮುಂದೆ ಹಾಯದೆ, ಗದ್ದೆ ಅಂಚಿನ ಮೇಲೆ ಸುತ್ತು ಹಾಕಿ ಹೋಗುತ್ತಾನೆ. ಆ ಮನೆಯ ಅಮ್ಮ ಡ್ರಮ್ಮಿನ ಹತ್ತಿರ ಕಾಯುತ್ತಿರುವುದು ಅವನಿಗೆ ಗೊತ್ತು. ಹೆಂಡತಿ ಅನ್ನ ಬಡಿಸುತ್ತ "ಯಾರ ಮನೆ ತಪ್ಸಿದ್ರಿ ಇವತ್ತು?" ಅಂತಷ್ಟೇ ಕೇಳುತ್ತಾಳೆ.

ಅತ್ತಿಗೆಗೆ ಓದಿ ಹೇಳಿದೆ. "ಬರಕ್ಕಾಗಲ್ಲ ಅಂತ ಹೇಳಿ ಹೋಗಬಹುದಿತ್ತಲ್ಲ ಅವ!" ಅಂತ ಸಿಟ್ಟಾದರು. ಸ್ವಲ್ಪ ಹೊತ್ತು ಬಿಟ್ಟು, ಪಾತ್ರೆ ತೊಳೆಯುತ್ತಿದ್ದವರು ತಿರುಗಿ "ಮಾರನೇ ದಿನ ಹೋದನಾ?" ಅಂದರು. ಅದನ್ನೇ ಈಗ ಬರೀತಾ ಇದ್ದೇನೆ.