ಮನಿ ಗುಂಪಿನಾಗ ನಕ್ಷಾದ ಜಗಳ

ತಂಗಿ ಬೆಂಗಳೂರು: (ಫಾರ್ವರ್ಡ್ ಆದ ನಕ್ಷಾ: 2011ರ ಜನಗಣತಿ, ಕರ್ನಾಟಕದ ಊರುಗಳು) ನೋಡ್ರಿ ಎಲ್ಲಾರೂ, ಬೆಂಗಳೂರು 85 ಲಕ್ಷ! ಎರಡನೇದು ಮೈಸೂರು, 10 ಲಕ್ಷನೂ ಇಲ್ಲ 😄

ಕಾಕಾ ಬೀದರ: ಇದರಾಗ ಖುಷಿ ಪಡೋದು ಏನದವ್ವಾ? ಅದೇ ಜನಗಣತಿನಾಗ ತಮಿಳುನಾಡು ನೋಡು, ಚೆನ್ನೈ 86 ಲಕ್ಷ, ಕೊಯಮತ್ತೂರು 21, ಮದುರೈ 14, ತಿರುಚ್ಚಿ 10. ಅಲ್ಲಿ ದೊಡ್ಡ ಊರಿಂದ ಸಣ್ಣ ಊರಿಗಿ ಮೆಟ್ಟಲಾ ಅವ. ನಮ್ಮಲ್ಲಿ ಮ್ಯಾಲ ಮಾಳಗಿ, ಕೆಳಗ ನೇರ ಅಂಗಳ.

ಅಣ್ಣ ಕಲಬುರಗಿ: ಕಲಬುರಗಿ ಇಲ್ಲೇನ್ ಕಾಕಾ? ಹೈಕೋರ್ಟ್ ಪೀಠ 2008ಕ್ಕೇ ಬಂತು. 2019ಕ್ಕ ಏರ್‌ಪೋರ್ಟ್. ಜಯದೇವ ಆಸ್ಪತ್ರೆ ಬಂತು. ಎದಿ ನೋವು ಅಂತ ಬೆಂಗಳೂರಿಗಿ ಓಡೋದು ತಪ್ಪಿತು.

ಕಾಕಾ ಬೀದರ: ಬೀದರದಿಂದ ಬೆಂಗಳೂರಿಗಿ ಮೊದಲಾದ್ರೂ ಯಾರ್ ಓಡ್ತಿದ್ರೋ? ಹತ್ರತ್ರ 700 ಕಿ.ಮೀ. ಅದ. ಜಡ್ಡು ಜಾಪತ್ರಿ ಅಂದ್ರ ಹೈದರಾಬಾದ್, ಮದವಿ ಜವಳಿ ಅಂದ್ರ ಹೈದರಾಬಾದ್. ನನ್ನ ಬಾಂಡೆ ಅಂಗಡಿ ನಡಿಯೋದು ಅಲ್ಲಿನ ಬೇಗಂ ಬಜಾರದ ಮ್ಯಾಲ. ಸಂಜಿಗಿ ಫೋನ್ ಹಚ್ಚಿ ಹಿಂದಿನಾಗ "ಭಾಯ್, ಸ್ಟೀಲ್ ಡಬ್ಬಿ ಎರಡು ಗಠಾಣಿ" ಅಂದ್ರ ಟ್ರಾನ್ಸ್‌ಪೋರ್ಟ್‌ಗೆ ಹಾಕ್ತಾರ. ರೊಕ್ಕ ಆಮ್ಯಾಲ. ಚಿಕ್ಕಪೇಟ್ಯಾಗ ನನಗ ಯಾರ್ ಉದ್ರಿ ಕೊಡ್ತಾರ?

ಅತ್ತಿ ಯಾದಗಿರಿ: ಅಪ್ಪನ ಕಾಲಕ್ಕ ನಮ್ಗ ಹೈದರಾಬಾದೇ ರಾಜಧಾನಿ ಇತ್ತು. 1956ರ ನವೆಂಬರ್ 1ಕ್ಕ ಬೆಂಗಳೂರು ಆಯ್ತು. ಕಚೇರಿ ಬೆಂಗಳೂರಿಗಿ ಹೋದ್ವು, ಮಂದಿ ಹೈದರಾಬಾದ್ ಬಸ್ಸೇ ಹತ್ತಿದ್ರು. ನಾವಂತೂ ಈಗ ಸಣ್ಣಪುಟ್ಟಕ್ಕ ರಾಯಚೂರಿಗೇ ಹೋಗ್ತೀವಿ.

ತಂಗಿ ಬೆಂಗಳೂರು: ಬೆಂಗಳೂರು ಏನೂ ಕೊಟ್ಟೇ ಇಲ್ಲೇನ್ ಹಂಗಾದ್ರ? ನನಗ ಇಲ್ಲಿ ಕಾಲೇಜ್ ಸೀಟ್ ಸಿಕ್ಕಿದ್ದು ನಮ್ಮ ಕಲ್ಯಾಣ ಕರ್ನಾಟಕದವ್ರಿಗಿ ಇರೋ 371ಜೆ ಕೋಟಾದಾಗ!

ಅಣ್ಣ ಕಲಬುರಗಿ: ಅದು ಸಂವಿಧಾನದ ತಿದ್ದುಪಡಿ, ತಂಗಿ. ಪಾರ್ಲಿಮೆಂಟಿನಾಗ ಆಗಿದ್ದು. ನಮ್ಮ ಭಾಗದ ಕಾಲೇಜಿನಾಗ 70% ಸೀಟು ನಮ್ಗ ಮೀಸಲು, ಹೊರಗ 8%.

ನಾನು: ಆದ್ರ ಆ 8% ಯಾಕ ಬೇಕಾಯ್ತು ಅಂತ ವಿಚಾರ ಮಾಡ್ರಿ. ಒಳ್ಳೇ ಕಾಲೇಜು ಎಲ್ಲಾ ಅಲ್ಲೇ ಕುಂತಾವ ಅಂತ. ಬೆಂಗಳೂರು ನಮ್ಮ ಹುಡುಗರನ್ನ ಕರಕೊಳ್ತದ, ನೌಕರಿನೂ ಕೊಡ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಊರಾಗ ಉಳದವ್ರಿಗಿ ಅದು ಬರೇ ಫೈಲ್ ಹೋಗೋ ಜಾಗ. ಒಂದನೇ ನಂಬರ್ ಇದ್ದ ಮಾತ್ರಕ್ಕ ನಮ್ಮ ಶಹರ ಆಗಲ್ಲ.

ತಂಗಿ ಬೆಂಗಳೂರು: ಫಾರ್ವರ್ಡ್ ಮಾಡಿದ್ದೇ ತಪ್ಪಾಯ್ತು ನೋಡ್ 🙏

ಅಣ್ಣ ಕಲಬುರಗಿ: ಒಂದ್ ಮಾತು ಕಾಕಾ. ಬೀದರದಿಂದ ಹೈದರಾಬಾದಿಗಿಂತ ಕಲಬುರಗಿ ಹತ್ರ. 2017ರಿಂದ ರೈಲೂ ಅದ. ನೀವೇ ಇಲ್ಲಿ ಬರ್ಲಿಲ್ಲಂದ್ರ ನಮ್ಮ ಬಜಾರ್ ಹ್ಯಾಂಗ ಬೆಳಿಬೇಕು? ಆ ಮೆಟ್ಟಲಾ ಯಾರ್ ಕಟ್ಟಬೇಕು?

ಕಾಕಾ ಬೀದರ: ನಿಮ್ಮ ಕಲಬುರಗಿ ಅಂಗಡಿಯವನೂ ಬೇಗಂ ಬಜಾರದಿಂದೇ ತರ್ತಾನಪಾ. ನಡುವಿನವನ ಕಮಿಷನ್ ನಾ ಯಾಕ ಕೊಡ್ಲಿ?

ಅಣ್ಣ ಕಲಬುರಗಿ: ಮತ್ತ ದೊಡ್ಡ ಗೋದಾಮು ಇಲ್ಲೇ ಆದ್ರ?

ಕಾಕಾ ಬೀದರ: ಆಗ್ಲಿ, ನಾಳೇನೇ ಬರ್ತೀನಿ. ಉದ್ರಿ ಎಷ್ಟು ದಿನದ್ದು ಅಂತ ಮೊದಲು ಕೇಳಿ ಹೇಳು.