ಫೈರ್‌ವಾಲ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಏಳುತ್ತಿಲ್ಲ, ಅನುಭವವಿದ್ದವರು ಹೇಳಿ

ಅರೆಬೆಳಕು
ವಿಂಡೋಸ್ 10 ಲ್ಯಾಪ್‌ಟಾಪ್. ಮೊನ್ನೆ ರಾತ್ರಿ ಹೊರಗಿನ ಕಂಪನಿಯೊಂದರ ಫೈರ್‌ವಾಲ್ (ಜಾಲದಿಂದ ಒಳಬರುವ, ಹೊರಹೋಗುವ ಸಂಚಾರವನ್ನು ಕಾಯುವ ತಂತ್ರಾಂಶ) ಹಾಕಿದೆ. ಕೊನೆಯಲ್ಲಿ ರೀಸ್ಟಾರ್ಟ್ ಕೇಳಿತು, ಕೊಟ್ಟೆ. ಅಂದಿನಿಂದ ಲಾಂಛನ ಬರುತ್ತದೆ, ಕೆಳಗೆ ಚುಕ್ಕೆಗಳು ಸುತ್ತುತ್ತವೆ, ಆಮೇಲೆ ಪರದೆ ಕಪ್ಪು. ಒಂದೆರಡು ಸಲ ಹೀಗಾದ ಮೇಲೆ ತಾನೇ ‘ಆಟೊಮ್ಯಾಟಿಕ್ ರಿಪೇರ್’ಗೆ ಹೋಗಿ, ಸರಿಪಡಿಸಲಾಗಲಿಲ್ಲ ಎನ್ನುತ್ತದೆ. ಅತ್ಯಗತ್ಯವಾದದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್‌ನಲ್ಲೂ ಅದೇ ಕಪ್ಪು. ಹಿಂದಿನ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟ್ ಒಂದೂ ಇಲ್ಲ. ಎರಡು ವರ್ಷದ ಲೆಕ್ಕದ ಕಡತಗಳು ಒಳಗಿವೆ. ಆ ಫೈರ್‌ವಾಲನ್ನು ಕಿತ್ತುಹಾಕಲು ದಾರಿ ಇದೆಯೇ, ಇಲ್ಲವೇ ವಿಂಡೋಸನ್ನೇ ಹೊಸದಾಗಿ ಹಾಕಬೇಕೇ?

ನೀಲಿಪರದೆ
ನನ್ನ ಕಥೆ ಹೇಳುತ್ತೇನೆ, ನಿಮಗೆ ಬೇಕಾದದ್ದು ಅದರಲ್ಲಿ ಸಿಕ್ಕರೂ ಸಿಗಬಹುದು. ನನ್ನಲ್ಲಿ ಮೊದಲೇ ಒಂದು ಫೈರ್‌ವಾಲ್ ಇತ್ತು. ಅದನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದೆ, ಹೋಯಿತು ಎಂದುಕೊಂಡೆ. ಹೋಗಿರಲಿಲ್ಲ. ಸಂಚಾರವನ್ನು ನಡುವೆ ನಿಂತು ಸೋಸುವ ಅದರ ಫಿಲ್ಟರ್ ಡ್ರೈವರ್ ನೆಟ್‌ವರ್ಕ್ ಅಡಾಪ್ಟರಿಗೆ ಅಂಟಿಕೊಂಡೇ ಇತ್ತು. ಅದರ ಮೇಲೆ ಹೊಸದನ್ನು ಕೂರಿಸಿದೆ. ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು, ಇಬ್ಬರಿಗೂ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಲಾಗಿನ್ ಪರದೆ ಬರುವ ಹೊತ್ತಿಗೆ ನೀಲಿ ಪರದೆ, ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂಬ ಮಂತ್ರ. ಕೋಡ್ 0ಎಕ್ಸ್‌ಡಿ1.

ಮೊದಲು ರ್‍ಯಾಮ್ ಮೇಲೆ ಅನುಮಾನಪಟ್ಟೆ. ಎರಡು ಕಡ್ಡಿಗಳನ್ನೂ ಬಿಚ್ಚಿ, ಒಂದೊಂದಾಗಿ ಹಾಕಿ ನೋಡಿದೆ. ರಾತ್ರಿಯಿಡೀ ಮೆಮರಿ ಪರೀಕ್ಷೆ ಓಡಿಸಿದೆ. ಒಂದೂ ದೋಷವಿಲ್ಲ. ಆಮೇಲೆ ಡಿಸ್ಕ್ ತಪಾಸಣೆ, ಅದಕ್ಕೆ ಮೂರು ಗಂಟೆ. ಪ್ರತಿ ರೀಸ್ಟಾರ್ಟಿಗೂ ಒಂದು ರಸೀದಿಯ ಹಿಂಬದಿಯಲ್ಲಿ ಗೀಟು ಹಾಕುತ್ತಿದ್ದೆ, ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. 37 ಆಗಿತ್ತು. ಮೂವತ್ತೆಂಟನೆಯ ಸಲ ಅಕಸ್ಮಾತ್ತಾಗಿ ವೈಫೈ ಗುಂಡಿ ಆಫ್ ಇತ್ತು, ಯಂತ್ರ ಎದ್ದು ನಿಂತಿತು! ಆನ್ ಮಾಡಿದ ಹತ್ತು ಸೆಕೆಂಡಿಗೆ ಮತ್ತೆ ಬಿತ್ತು. ಅಲ್ಲಿಗೆ ಕಳ್ಳ ಸಿಕ್ಕಿದ. ಯಂತ್ರ ಬಿದ್ದಾಗಿನ ವಿವರ ಸೇರುವ ‘ಮಿನಿಡಂಪ್’ ಫೋಲ್ಡರಿನ ಕಡತ ತೆರೆದಾಗ ಹಳೆಯ ಫೈರ್‌ವಾಲಿನ ಡ್ರೈವರ್ ಹೆಸರೇ ಇತ್ತು. ಆ ಕಂಪನಿಯೇ ಕೊಡುವ ಪ್ರತ್ಯೇಕ ತೆಗೆಯುವ ಸಾಧನವನ್ನು ಸೇಫ್ ಮೋಡ್‌ನಲ್ಲಿ ಓಡಿಸಿದೆ, ನಾಲ್ಕು ನಿಮಿಷದಲ್ಲಿ ಮುಗಿಯಿತು. ಹನ್ನೊಂದು ಗಂಟೆ ಹುಡುಕಾಟ, ನಾಲ್ಕು ನಿಮಿಷ ಪರಿಹಾರ.

ಮರುಸ್ಥಾಪಿತ
ಹನ್ನೊಂದು ಗಂಟೆ ಡ್ರೈವರ್ ಹಿಂದೆ ಓಡುವವರನ್ನು ಕಂಡರೆ ನನಗೆ ಕನಿಕರ. ನನಗೂ ಇದೇ ಆಗಿತ್ತು. ಯುಎಸ್‌ಬಿ ಚುಚ್ಚಿ ವಿಂಡೋಸ್ ಹೊಸದಾಗಿ ಹಾಕಿದೆ, ಎರಡು ಗಂಟೆಯಲ್ಲಿ ಡೆಸ್ಕ್‌ಟಾಪ್ ಕಣ್ಣೆದುರು. ಕಡತಗಳನ್ನು ಮೊದಲು ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಡಿಸ್ಕಿಗೆ ಹಾಕದೆ ನೇರವಾಗಿ ಓಡುವಂಥದ್ದು) ಹೊರಗಿನ ಡಿಸ್ಕಿಗೆ ಎತ್ತಿಕೊಂಡಿದ್ದೆ. ಆಮೇಲೆ ಪ್ರಿಂಟರಿನ ಡ್ರೈವರ್ ಸಿಗಲಿಲ್ಲ, ಅದಕ್ಕೆ ಅರ್ಧ ದಿನ. ಇಮೇಲ್ ತಂತ್ರಾಂಶದಲ್ಲಿ ನಾನು ವರ್ಷಗಟ್ಟಲೆ ಬರೆದುಕೊಂಡಿದ್ದ ವಿಂಗಡಣೆಯ ನಿಯಮಗಳು ಹೋದವು, ಅವು ಬಳಕೆದಾರರ ಫೋಲ್ಡರಿನಲ್ಲಿ ಅಡಗಿದ್ದವು, ನಾನು ಡಾಕ್ಯುಮೆಂಟ್ಸ್ ಮಾತ್ರ ಎತ್ತಿದ್ದೆ. ಲೆಕ್ಕದ ತಂತ್ರಾಂಶದ ಪರವಾನಗಿ ಹಳೆಯ ಅನುಸ್ಥಾಪನೆಗೆ ಕಟ್ಟಿಹಾಕಿದ್ದು, ಅದನ್ನು ಬಿಡಿಸಿಕೊಳ್ಳಲು ಮೂರು ದಿನ ಪತ್ರವ್ಯವಹಾರ. ಆದರೂ ಯಂತ್ರ ಈಗ ಕನ್ನಡಿಯ ಹಾಗಿದೆ.

ನೀಲಿಪರದೆ
ಎರಡು ಗಂಟೆ ಎಂದವರೇ ಕೊನೆಗೆ ಮೂರೂವರೆ ದಿನ ಲೆಕ್ಕ ಕೊಟ್ಟಿದ್ದೀರಿ. ನನ್ನ ಹನ್ನೊಂದು ಗಂಟೆಗೆ ಕನಿಕರ ಪಡುವ ಮೊದಲು ಕೂಡಿಸಿ ನೋಡಿ.

ಮರುಸ್ಥಾಪಿತ
ಆ ಮೂರು ದಿನ ನಾನು ಕೆಲಸ ಮಾಡುತ್ತಿದ್ದೆ ಸ್ವಾಮಿ, ಯಂತ್ರ ಎದ್ದಿತ್ತು. ನೀವು ರಸೀದಿಯ ಮೇಲೆ ಗೀಟು ಎಳೆಯುತ್ತಿದ್ದಿರಿ.

ಕೈಸುಟ್ಟವನು
ಯಾರಾದರೂ ‘ಆ ಡ್ರೈವರ್ ಕಡತವನ್ನು ಅಳಿಸಿಬಿಡಿ’ ಎಂದು ಬರೆಯುವ ಮೊದಲು ನಾನು ಬಂದೆ. ನಾನು ಹಾಗೆ ಅಳಿಸಿದವನು.

ನಾನು ಹಾಕಿದ್ದು ಬರಿಯ ಫೈರ್‌ವಾಲ್ ಅಲ್ಲ, ಇಡೀ ಭದ್ರತಾ ಕಟ್ಟು, ವೈರಸ್ ತಪಾಸಣೆ, ಡಿಸ್ಕ್ ಕಾವಲು ಎಲ್ಲವೂ ಸೇರಿ. ರಿಪೇರಿ ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ಡ್ರೈವರ್ಸ್ ಫೋಲ್ಡರಿಗೆ ಹೋಗಿ ಆ ಕಂಪನಿಯ ಹೆಸರಿನಿಂದ ಶುರುವಾಗುವ ಆರು ಕಡತಗಳನ್ನೂ ಒಂದೇ ಸಾಲಿನಲ್ಲಿ ಅಳಿಸಿದೆ. ಎಷ್ಟು ಹಗುರವೆನಿಸಿತೆಂದರೆ ಕೈ ಉಜ್ಜಿಕೊಂಡೆ. ರೀಸ್ಟಾರ್ಟ್ ಮಾಡಿದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, 0ಎಕ್ಸ್7ಬಿ. ಮೊದಲು ಕಪ್ಪು ಪರದೆಯಾದರೂ ಇತ್ತು, ಈಗ ವಿಂಡೋಸಿಗೆ ತನ್ನ ಡಿಸ್ಕೇ ಕಾಣುತ್ತಿಲ್ಲ! ಕಾರಣ, ವಿಂಡೋಸ್ ತನ್ನ ಸಂಯೋಜನೆಗಳನ್ನು ಇಟ್ಟುಕೊಳ್ಳುವ ರೆಜಿಸ್ಟ್ರಿಯಲ್ಲಿ, ಡಿಸ್ಕ್ ವರ್ಗದ ಕೀಲಿಯ ಕೆಳಗೆ ‘ಅಪ್ಪರ್‌ಫಿಲ್ಟರ್ಸ್’ ಎಂಬ ಪಟ್ಟಿಯೊಂದಿದೆ. ಅಳಿಸಿದ ಡ್ರೈವರಿನ ಹೆಸರು ಅಲ್ಲಿ ಹಾಗೇ ಉಳಿದಿತ್ತು. ಪಟ್ಟಿಯಲ್ಲಿ ಹೆಸರಿದೆ, ಆಸಾಮಿ ಇಲ್ಲ, ಆದ್ದರಿಂದ ಡಿಸ್ಕ್ ಶುರುವಾಗುವುದಿಲ್ಲ. ಆ ಪಟ್ಟಿಯಲ್ಲಿ ವಿಂಡೋಸಿನದೇ ‘ಪಾರ್ಟ್‌ಎಂಜಿಆರ್’ ಎಂಬುದೂ ಇರುತ್ತದೆ. ಪಟ್ಟಿಯನ್ನೇ ಪೂರ್ತಿ ಅಳಿಸಲು ಹೊರಟಿದ್ದೆ, ಬೆರಳು ಹೇಗೋ ತಡೆಯಿತು.

ಕಡತವನ್ನು ಮುಟ್ಟಬೇಡಿ. ಇನ್ನೊಮ್ಮೆ ಹೇಳುತ್ತೇನೆ, ಮುಟ್ಟಬೇಡಿ.

ಟರ್ಮಿನಲ್‌ವಾಸಿ
ವಿಂಡೋಸಿನವರಿಗೆ ಮಾತ್ರ ಈ ಭಾಗ್ಯ ಎಂದುಕೊಳ್ಳಬೇಡಿ. ನನ್ನ ಲಿನಕ್ಸ್ ಸರ್ವರಿನಲ್ಲಿ ಹೊರಹೋಗುವ ಎಲ್ಲವನ್ನೂ ತಡೆದು, ಬೇಕಾದ್ದನ್ನು ಮಾತ್ರ ಬಿಡುವ ನಿಯಮಾವಳಿ ಬರೆದೆ. ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಬಿಟ್ಟೆ, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಬಿಟ್ಟೆ, ಬಹಳ ಹೆಮ್ಮೆ. ಐಸ್ಕಸಿ ಡಿಸ್ಕ್ ಒಂದು ಜಾಲದ ಮೇಲಿಂದ 3260ನೆಯ ಪೋರ್ಟಿನಲ್ಲಿ ಬರುತ್ತದೆ ಎಂಬುದು ಮರೆತೇಹೋಗಿತ್ತು. ಓಡುತ್ತಿದ್ದಾಗ ಏನೂ ತಿಳಿಯಲಿಲ್ಲ, ಇದ್ದ ಸಂಪರ್ಕಗಳನ್ನು ನಿಯಮ ಮುಟ್ಟಿರಲಿಲ್ಲ. ಮೂರು ವಾರದ ಮೇಲೆ ರೀಬೂಟ್. ‘ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಕೆಂಪು ನಕ್ಷತ್ರಗಳು ಅತ್ತಿತ್ತ ಓಡಾಡಿದವು. ತೊಂಬತ್ತು ಸೆಕೆಂಡ್ ಎಣಿಸಿದ ಮೇಲೆ ಎಮರ್ಜೆನ್ಸಿ ಮೋಡ್. ಏಳುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ‘ನೋಫೇಲ್’ (ಸಿಗದಿದ್ದರೂ ಮುಂದುವರಿ) ಎಂದಾಗಲಿ ‘ನೆಟ್‌ಡೆವ್’ (ಜಾಲದ ಡಿಸ್ಕ್) ಎಂದಾಗಲಿ ಬರೆದಿರಲಿಲ್ಲ, ಯಂತ್ರವನ್ನು ಎಬ್ಬಿಸುವ ಸಿಸ್ಟಮ್‌ಡಿ ಅದನ್ನು ಮನೆಯೊಳಗಿನ ಡಿಸ್ಕೆಂದೇ ಭಾವಿಸಿತ್ತು. ಎಮರ್ಜೆನ್ಸಿ ಮೋಡಾದರೂ ಒಳಗೆ ಬಿಡಬೇಕಲ್ಲ? ಎಲ್ಲ ಅಧಿಕಾರವಿರುವ ರೂಟ್ ಖಾತೆಗೆ ಬೀಗ ಬಿದ್ದಿದೆ ಎಂದಿತು. ಬೀಗ ಹಾಕಿದವನೂ ನಾನೇ, ಭದ್ರತೆಗಾಗಿ. ಬೂಟ್ ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ (ವ್ಯವಸ್ಥೆಯ ತಿರುಳು) ಸಾಲಿನ ಕೊನೆಗೆ ಆಜ್ಞೆ ಕೊಡುವ ಬ್ಯಾಷನ್ನೇ ಇನಿಟ್, ಅಂದರೆ ಮೊದಲು ಏಳುವ ಪ್ರೋಗ್ರಾಂ, ಮಾಡಿ, ಡಿಸ್ಕನ್ನು ಬರೆಯಲು ಬರುವ ಹಾಗೆ ಮತ್ತೆ ಮೌಂಟ್ ಮಾಡಿ, ಎಫ್‌ಎಸ್‌ಟ್ಯಾಬ್‌ಗೆ ಆ ಎರಡರಲ್ಲೊಂದು ಪದ ಸೇರಿಸಿದೆ.

ಹಳೇಕಾವಲು
ಕೇಳಿದ್ದು ವಿಂಡೋಸ್ ಬಗ್ಗೆ. ಲಿನಕ್ಸಿನವರು ಬಾಗಿಲು ತೆರೆದಲ್ಲೆಲ್ಲ ಬರುತ್ತೀರಿ.

ನನ್ನ ಪ್ರಶ್ನೆ ಬೇರೆ. ಹೊರಗಿನ ಫೈರ್‌ವಾಲ್ ಯಾಕೆ ಬೇಕಿತ್ತು? 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ವಿಂಡೋಸಿನ ಒಳಗಿನದೇ ತಾನಾಗಿ ಆನ್ ಆಗಿರುತ್ತದೆ. ನಾನು ಅಂದಿನಿಂದ ಬೇರೇನೂ ಹಾಕಿಲ್ಲ, ಒಂದು ಸಲವೂ ಯಂತ್ರ ಬಿದ್ದಿಲ್ಲ. 2024ರ ಜುಲೈ 19 ನೆನಪಿದೆಯೇ? ಒಂದು ಫೈರ್‌ವಾಲ್ ಅಪ್‌ಡೇಟಿಗೆ ಸುಮಾರು 85 ಲಕ್ಷ ಯಂತ್ರಗಳು ನೀಲಿಯಾದವು.

ನೀಲಿಪರದೆ
ಅದು ಫೈರ್‌ವಾಲ್ ಅಲ್ಲ. ಕ್ರೌಡ್‌ಸ್ಟ್ರೈಕ್ ಕಂಪನಿಯ, ದಾಳಿ ಪತ್ತೆ ಮಾಡುವ ತಂತ್ರಾಂಶಕ್ಕೆ ಬಂದ ದತ್ತಾಂಶ ಕಡತದ ದೋಷ, ಅದನ್ನು ಓದಲು ಹೋದ ಕರ್ನಲ್ ಡ್ರೈವರ್ ಮುಗ್ಗರಿಸಿತು. ಇಪ್ಪತ್ತು ವರ್ಷ ಏನೂ ಹಾಕದವರಿಗೆ ವ್ಯತ್ಯಾಸ ತಿಳಿಯದಿರುವುದು ಸಹಜ.

ಹಳೇಕಾವಲು
ಕರ್ನಲ್‌ನೊಳಗೆ ಕಾಲಿಟ್ಟ ಮೇಲೆ ಹೆಸರು ಯಾವುದಾದರೇನು? ಬಿದ್ದವರಿಗೆ ನೋವು ಒಂದೇ.

ಕೈಸುಟ್ಟವನು
ಒಂದೇ ಅಲ್ಲ. ಅಲ್ಲಿ ಆ ಕಡತ ಅಳಿಸುವುದೇ ಪರಿಹಾರವಾಗಿತ್ತು, ಅದು ಡ್ರೈವರ್ ಆಗಿರಲಿಲ್ಲ, ‘ಸಿಸ್’ ಎಂಬ ಬಾಲವಿದ್ದ ದತ್ತಾಂಶ. ಆ ಸುದ್ದಿ ಓದಿಯೇ ನಾನು ನನ್ನ ಆರು ಕಡತಗಳನ್ನು ಅಳಿಸಿದ್ದು. ಅರ್ಧ ಓದಿದ್ದಕ್ಕೆ ನನಗೆ ಬಿದ್ದ ದಂಡ ಒಂದು ವಾರ.

ಮರುಸ್ಥಾಪಿತ
ಒಳಗಿನ ಫೈರ್‌ವಾಲ್ ಸಾಕು ಎನ್ನುವವರಿಗೆ: ಎಕ್ಸ್‌ಪಿಯದು ಒಳಬರುವುದನ್ನು ಮಾತ್ರ ತಡೆಯುತ್ತಿತ್ತು. ವಿಸ್ಟಾದಿಂದ ಹೊರಹೋಗುವುದಕ್ಕೂ ನಿಯಮ ಬರೆಯಬಹುದು, ಆದರೆ ತಾನಾಗಿ ಎಲ್ಲವನ್ನೂ ಹೊರಗೆ ಬಿಡುತ್ತದೆ. ಯಾವ ತಂತ್ರಾಂಶ ಎಲ್ಲಿಗೆ ಮಾತಾಡುತ್ತಿದೆ ಎಂದು ಕೇಳಿ ಬಿಡುವಂಥದ್ದು ಬೇಕೆಂದೇ ಜನ ಹೊರಗಿನದನ್ನು ಹಾಕುವುದು.

ಹಳೇಕಾವಲು
ಹಾಕಿ, ಎಲ್ಲದಕ್ಕೂ ‘ಅನುಮತಿಸು’ ಒತ್ತುವುದು.

ರೆಜಿಸ್ಟ್ರಿಪ್ರಿಯೆ
ಪ್ರಶ್ನೆ ಕೇಳಿದವರು ಇನ್ನೂ ಇದ್ದಾರೆಯೇ, ಅಥವಾ ಹೆದರಿ ಓಡಿದರೇ? ಡ್ರೈವರನ್ನು ಅಳಿಸಬೇಡಿ, ಮಲಗಿಸಿ. ರೆಜಿಸ್ಟ್ರಿಯ ‘ಸರ್ವಿಸಸ್’ ಕೆಳಗೆ ಪ್ರತಿ ಡ್ರೈವರಿಗೂ ‘ಸ್ಟಾರ್ಟ್’ ಎಂಬ ಮೌಲ್ಯವಿದೆ. 0 ಎಂದರೆ ಬೂಟ್ ಲೋಡರ್ ಎತ್ತಿಕೊಳ್ಳುತ್ತದೆ, 1 ಎಂದರೆ ಕರ್ನಲ್ ಏಳುವಾಗ, 2 ತಾನಾಗಿ, 3 ಕೇಳಿದಾಗ, 4 ಎಂದರೆ ನಿಷ್ಕ್ರಿಯ. ಫೈರ್‌ವಾಲಿನದನ್ನು 4 ಮಾಡಿ. ಮೊದಲಿನ ಅಂಕಿಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಅಪ್ಪರ್‌ಫಿಲ್ಟರ್ಸ್ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಅದೊಂದನ್ನು ಅಲ್ಲಿಂದ ತೆಗೆಯದೆ ಇಲ್ಲಿ 4 ಮಾಡಬೇಡಿ, ಮೇಲಿನ ಕೈಸುಟ್ಟವರ ಗತಿಯೇ ಆದೀತು.

ಇಷ್ಟು ಕಲಿಯಲು ನನಗೆ ಹಿಡಿದದ್ದು ಎರಡು ರಜೆಗಳು. ಯಂತ್ರ ದಿನವೂ ಶಟ್‌ಡೌನ್ ಮಾಡಿದರೆ ಚೆನ್ನಾಗಿ ಏಳುತ್ತಿತ್ತು, ರೀಸ್ಟಾರ್ಟ್ ಕೊಟ್ಟರೆ ಮಾತ್ರ ಬೀಳುತ್ತಿತ್ತು. ಹಾಗಾಗಿ ಫೈರ್‌ವಾಲ್ ಹಾಕಿ ಒಂಬತ್ತು ದಿನವಾದ ಮೇಲೆ ತೊಂದರೆ ಕಂಡಿತು, ಹಿಂದಿನ ದಿನ ಬದಲಿಸಿದ್ದ ಕೀಬೋರ್ಡನ್ನು ಬೈದೆ. ಕೀಬೋರ್ಡ್ ವಾಪಸ್ ಕೊಟ್ಟೆ ಕೂಡ! ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಶಟ್‌ಡೌನ್ ನಿಜವಾದ ಶಟ್‌ಡೌನ್ ಅಲ್ಲ, ಕರ್ನಲ್ಲನ್ನು ಡಿಸ್ಕಿನಲ್ಲಿ ಮಡಚಿಟ್ಟು ಮರುದಿನ ಬಿಚ್ಚುತ್ತದೆ. ಹೊಸ ಬೂಟ್ ಡ್ರೈವರ್ ಎದ್ದೇಳುವುದು ರೀಸ್ಟಾರ್ಟಿನಲ್ಲಿ ಮಾತ್ರ.

ಅರೆಬೆಳಕು
ಇದ್ದೇನೆ, ಓದುತ್ತಿದ್ದೇನೆ. ಕಮಾಂಡ್ ಪ್ರಾಂಪ್ಟಿಗೆ ಹೋದರೆ 48 ಅಂಕಿಯ ರಿಕವರಿ ಕೀ ಕೇಳಿತು. ಡಿಸ್ಕ್ ಗೂಢಲಿಪೀಕರಣ ಆನ್ ಇದೆ ಎಂದು ನನಗೇ ಗೊತ್ತಿರಲಿಲ್ಲ. ಮೊಬೈಲಿನಿಂದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ನೋಡಿದೆ, ಸಿಕ್ಕಿತು. ಎರಡು ಸಲ ತಪ್ಪಾಗಿ ಒತ್ತಿ ಮೂರನೆಯ ಸಲ ಒಳಗೆ ಹೋದೆ. ರೆಜಿಸ್ಟ್ರಿ ತೆರೆದೆ. ಸರ್ವಿಸಸ್ ಕೆಳಗೆ ಆ ಫೈರ್‌ವಾಲಿನ ಹೆಸರೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದೆ.

ಮರುಸ್ಥಾಪಿತ
ಕೀ ಸಿಕ್ಕಿತಲ್ಲ. ಕಡತ ಎತ್ತಿಕೊಂಡು ಹೊಸದಾಗಿ ಹಾಕಿ, ಮುಗಿಯಿತು.

ರೆಜಿಸ್ಟ್ರಿಪ್ರಿಯೆ
ನೀವು ನೋಡುತ್ತಿರುವುದು ನಿಮ್ಮ ವಿಂಡೋಸಿನ ರೆಜಿಸ್ಟ್ರಿಯಲ್ಲ, ರಿಪೇರಿ ಪರಿಸರದ್ದು. ಪ್ರಾಂಪ್ಟಿನ ಎಡಗಡೆ ‘ಎಕ್ಸ್’ ಎಂಬ ಡ್ರೈವ್ ಅಕ್ಷರ ಕಾಣುತ್ತಿದೆಯೇ? ಅದು ಮೆಮರಿಯಲ್ಲಿ ನಿಂತ ತಾತ್ಕಾಲಿಕ ವಿಂಡೋಸ್. ‘ಎಚ್‌ಕೀ ಲೋಕಲ್ ಮಶೀನ್’ ಮೇಲೆ ಕ್ಲಿಕ್ ಮಾಡಿ, ಫೈಲ್ ಮೆನುವಿನಲ್ಲಿ ‘ಲೋಡ್ ಹೈವ್’ (ಹೈವ್ ಎಂದರೆ ರೆಜಿಸ್ಟ್ರಿಯ ಭಾಗವನ್ನು ಇಟ್ಟಿರುವ ಕಡತ). ನಿಮ್ಮ ವಿಂಡೋಸ್ ಇರುವ ಡ್ರೈವಿನ ಸಿಸ್ಟಮ್32 ಒಳಗೆ ‘ಕಾನ್ಫಿಗ್’ ಫೋಲ್ಡರ್, ಅಲ್ಲಿ ‘ಸಿಸ್ಟಮ್’ ಎಂಬ ಕಡತ. ಆ ಡ್ರೈವ್ ಅಲ್ಲಿ ಸಿ ಆಗಿರಬೇಕೆಂದಿಲ್ಲ, ಡಿ ಆಗಿರಬಹುದು. ಅದರಲ್ಲಿ ‘ಕರೆಂಟ್‌ಕಂಟ್ರೋಲ್‌ಸೆಟ್’ ಎಂದು ಇರುವುದಿಲ್ಲ. ‘ಸೆಲೆಕ್ಟ್’ ಕೀಲಿಯಲ್ಲಿ ‘ಕರೆಂಟ್’ ಎಷ್ಟೆಂದು ನೋಡಿ, 1 ಇದ್ದರೆ ಕಂಟ್ರೋಲ್‌ಸೆಟ್001. ಮುಗಿದ ಮೇಲೆ ‘ಅನ್‌ಲೋಡ್’ ಮಾಡಿ.

ಅರೆಬೆಳಕು
ಡಿ ಡ್ರೈವಿನಲ್ಲಿತ್ತು. ಫೈರ್‌ವಾಲಿನ ಎರಡು ಹೆಸರು ಸಿಕ್ಕವು, ಒಂದಕ್ಕೆ 0, ಇನ್ನೊಂದಕ್ಕೆ 1. ಅಪ್ಪರ್‌ಫಿಲ್ಟರ್ಸ್‌ನಲ್ಲಿ ಇರಲಿಲ್ಲ. ಎರಡನ್ನೂ 4 ಮಾಡಿದೆ. ಎದ್ದಿತು. ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ಹಾಕುತ್ತಿದ್ದೇನೆ. ನೆಟ್ ಇಲ್ಲ, ಅಡಾಪ್ಟರ್ ಮೇಲೆ ಹಳದಿ ಗುರುತು.

ನೀಲಿಪರದೆ
ಫಿಲ್ಟರ್ ಇನ್ನೂ ಅಂಟಿಕೊಂಡಿದೆ. ಕಂಪನಿಯ ತೆಗೆಯುವ ಸಾಧನವನ್ನು ಬೇರೆ ಯಂತ್ರದಿಂದ ತಂದು ಓಡಿಸಿ. ಸೇಫ್ ಮೋಡ್‌ನಲ್ಲಿ ಮಾಮೂಲಿ ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಅಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಏಳುವುದಿಲ್ಲ.

ಟರ್ಮಿನಲ್‌ವಾಸಿ
ಏಳಿಸಬಹುದು, ರೆಜಿಸ್ಟ್ರಿಯ ಸೇಫ್‌ಬೂಟ್ ಕೀಲಿಯ ಕೆಳಗೆ ಅದರ ಹೆಸರು ಸೇರಿಸಿದರೆ.

ನೀಲಿಪರದೆ
ನೀವು ವಿಂಡೋಸ್ ಬಳಸುವುದಿಲ್ಲವೆಂದಿರಲ್ಲ?

ಟರ್ಮಿನಲ್‌ವಾಸಿ
ನಾನು ಹಾಗೆ ಎಲ್ಲೂ ಹೇಳಿಲ್ಲ. ಮೇಲೆ ಹೋಗಿ ಓದಿ.