ಅಪ್‌ಡೇಟ್: ಕೂಲಂಟ್ ಕುಡಿದ ಶಂಕೆ, ಪುಣೆಯ ಲ್ಯಾಬ್‌ನಲ್ಲಿ ಆಸ್ಮೋಲಾಲ್ ಗ್ಯಾಪ್ ಲೆಕ್ಕ

ಕೂಲಂಟ್‌ನಲ್ಲಿರುವ ವಿಷ ಎಥಿಲೀನ್ ಗ್ಲೈಕಾಲ್‌ಗೆ ನೇರ ಟೆಸ್ಟ್ ಇಲ್ಲಿಲ್ಲ, ಆಸ್ಮೋಲಾಲ್ ಗ್ಯಾಪ್ (ರಕ್ತದಲ್ಲಿ ಕರಗಿದ ಕಣಗಳ ಪ್ರಮಾಣ, ಅಂದರೆ ಆಸ್ಮೋಲಾಲಿಟಿ; ಯಂತ್ರ ಅಳೆದದ್ದಕ್ಕೂ ಸೂತ್ರದಿಂದ ಬಂದದ್ದಕ್ಕೂ ಇರುವ ವ್ಯತ್ಯಾಸ) ಕಡಿಮೆ ಬರ್ತಿದೆ, ಲ್ಯಾಕ್ಟೇಟ್ ಮಾತ್ರ ವಿಪರೀತ, ಯಾಕೆ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ತಪ್ಪು ಸಿಕ್ಕಿತು.

ಆಸ್ಮೋಲಾಲಿಟಿ ಲೆಕ್ಕದ ಸೂತ್ರ ಹೀಗೆ: 2×ಸೋಡಿಯಂ + ಗ್ಲೂಕೋಸ್/18 + ಬಿಯುಎನ್/2.8. ಬಿಯುಎನ್ ಅಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ. ನಮ್ಮ ರಿಪೋರ್ಟ್‌ನಲ್ಲಿ ಬರುವುದು ಬಿಯುಎನ್ ಅಲ್ಲ, ಯೂರಿಯಾ. ಅದನ್ನು 6ರಿಂದ ಭಾಗಿಸಬೇಕು. ಯೂರಿಯಾ 30 ಇದ್ದರೆ 5 ಬರುತ್ತದೆ, 2.8ರಿಂದ ಭಾಗಿಸಿದರೆ 10.7. ಅಲ್ಲಿಗೇ ಗ್ಯಾಪ್‌ನಲ್ಲಿ ಸುಮಾರು 6 ಕಳೆದುಹೋಯಿತು. ಎಥಿಲೀನ್ ಗ್ಲೈಕಾಲ್‌ನ ಅಣುತೂಕ 62, ಅಂದರೆ ಆ 6ರ ಹಿಂದೆ ಡೆಸಿಲೀಟರ್‌ಗೆ 37 ಮಿ.ಗ್ರಾಂ ಅಡಗಿರಬಹುದು. ಚಿಕಿತ್ಸೆಗೆ ಸಾಮಾನ್ಯವಾಗಿ ಹಿಡಿಯುವ ಮಿತಿಯೇ 20! ಹಾಗಾಗಿ ಗ್ಯಾಪ್ ನಾರ್ಮಲ್ ಅಂದ ಮಾತ್ರಕ್ಕೆ ವಿಷ ಇಲ್ಲ ಅನ್ನುವಂತಿಲ್ಲ. ತಡವಾಗಿ ಬಂದವರಲ್ಲಂತೂ ಗ್ಲೈಕಾಲ್ ಆಮ್ಲವಾಗಿ ಒಡೆದು ಆಸ್ಮೋಲಾಲ್ ಗ್ಯಾಪ್ ಇಳಿದು, ಆನಯಾನ್ ಗ್ಯಾಪ್ (ರಕ್ತದಲ್ಲಿ ಆಮ್ಲ ಸೇರಿರುವುದನ್ನು ಸೂಚಿಸುವ ಲೆಕ್ಕ) ಏರಿರುತ್ತದೆ.

ಆಸ್ಮೋಲಾಲಿಟಿ ಅಳೆಯಲು ರಕ್ತ ತೆಗೆಯುವಾಗ ಬೂದು ಮುಚ್ಚಳದ ಟ್ಯೂಬ್ ಬೇಡವೇ ಬೇಡ. ಅದರೊಳಗಿನ ಫ್ಲೋರೈಡ್, ಆಕ್ಸಲೇಟ್ ಉಪ್ಪುಗಳೇ ಅಂಕಿಯನ್ನು ಏರಿಸಿಬಿಡುತ್ತವೆ. ಸೀರಂ ಸಾಕು, ಯಂತ್ರ ಘನೀಕರಣ ಬಿಂದು ಅಳೆಯುವಂಥದ್ದಿರಲಿ.

ಲ್ಯಾಕ್ಟೇಟ್ ಒಗಟೂ ಬಿಡಿಸಿತು. ರಕ್ತದ ಅನಿಲ, ಆಮ್ಲೀಯತೆ ಅಳೆಯುವ ಗ್ಯಾಸ್ ಮಷಿನ್‌ನ ಲ್ಯಾಕ್ಟೇಟ್ ಆಕ್ಸಿಡೇಸ್ (ಕಿಣ್ವ) ಸೆನ್ಸರ್, ಗ್ಲೈಕಾಲ್ ಒಡೆದಾಗ ಉಂಟಾಗುವ ಗ್ಲೈಕೋಲೇಟನ್ನೂ ಲ್ಯಾಕ್ಟೇಟ್ ಅಂತಲೇ ಓದಬಲ್ಲದು. ಅದೇ ರಕ್ತ ಅಲ್ಲಿ 18, ಬೇರೆ ವಿಧಾನದಲ್ಲಿ 3 ತೋರಿಸಿದರೆ ಆ ವ್ಯತ್ಯಾಸವೇ ದೊಡ್ಡ ಸುಳಿವು.

ಖಚಿತಪಡಿಸಲು ಗ್ಯಾಸ್ ಕ್ರೊಮ್ಯಾಟೋಗ್ರಫಿ (ಸ್ಯಾಂಪಲ್‌ನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಬೇಕು. ಸ್ಯಾಂಪಲ್ ಮುಂಬೈಗೆ ಹೋಗಲಿ, ಆದರೆ ರಿಪೋರ್ಟ್‌ಗೆ ಕಾಯುತ್ತಾ ಈ ವಿಷಕ್ಕೆ ಪ್ರತಿವಿಷಗಳಾದ ಫೋಮೆಪಿಜೋಲ್ ಅಥವಾ ಎಥನಾಲ್ ಕೊಡದೆ ಕೂರಬಾರದು.